ಮುಗಿಲು ತಡೆಯದ ನೋಟ

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೇರಳದ ಮೇಲೆ ಮಳೆ ಎಡೆಬಿಡದೆ ಸುರಿಯಿತು. ಘಟ್ಟದಿಂದ ಇಳಿದುಬಂದ ಪಂಪಾ, ಮಣಿಮಲ, ಮೀನಚ್ಚಿಲ್, ಅಚ್ಚನ್‌ಕೋವಿಲ್ ನದಿಗಳು ದಡ ಮೀರಿ ಹರಿದು, ವೇಂಬನಾಡು ಸರೋವರದ ಸುತ್ತಣ ತಗ್ಗು ನೆಲವನ್ನು ತುಂಬಿದವು. ಆ ತಗ್ಗು ನೆಲದ ಹೆಸರು ಕುಟ್ಟನಾಡು. ಸಮುದ್ರದ ಮಟ್ಟಕ್ಕಿಂತಲೂ ಕೆಳಗಿರುವ ಗದ್ದೆಗಳಿಗೆ ಏರಿ ಕಟ್ಟಿ, ನೀರನ್ನು ಹೊರಹಾಕಿ ಅಲ್ಲಿನ ಜನ ಬತ್ತ ಬೆಳೆಯುತ್ತಾರೆ. ಆ ಏರಿಗಳು ಒಡೆದವು. ಗದ್ದೆ, ದಾರಿ, ಮನೆಯಂಗಳ ಎಲ್ಲವೂ ಒಂದೇ ಜಲರಾಶಿಯಾದವು. ಅದೇ ದಿನಗಳಲ್ಲಿ ಕರ್ನಾಟಕದ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆಗಳನ್ನೂ ತೋಟಗಳನ್ನೂ ಕೊಚ್ಚಿಕೊಂಡು ಹೋದವು. ಕೇರಳವೊಂದರಲ್ಲಿಯೇ ನಾನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಲಕ್ಷಾಂತರ ಜನ ಮನೆ ತೊರೆದು ಪರಿಹಾರ ಶಿಬಿರಗಳನ್ನು ಸೇರಿದರು.

ಇಂತಹ ಹೊತ್ತಿನಲ್ಲಿ ರಕ್ಷಣೆಯ ಕಾರ್ಯಕ್ಕೆ ತೊಡಗಿದವರಿಗೆ ಮೊದಲು ಬೇಕಾದುದು ಒಂದೇ ಪ್ರಶ್ನೆಗೆ ಉತ್ತರ: ನೀರು ಎಲ್ಲಿ ನಿಂತಿದೆ? ಯಾವ ಊರು ದ್ವೀಪವಾಗಿದೆ? ಯಾವ ದಾರಿ ಇನ್ನೂ ಉಳಿದಿದೆ? ಆಕಾಶದಲ್ಲಿ ನೂರಾರು ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಲೇ ಇರುತ್ತವೆ. ಆದರೆ ಅವುಗಳಲ್ಲಿ ಹಲವು ಸೂರ್ಯನ ಬೆಳಕನ್ನು ನೆಚ್ಚಿಕೊಂಡ ಕ್ಯಾಮರಾಗಳನ್ನು ಹೊತ್ತವು. ಪ್ರವಾಹವನ್ನು ತರುವ ಮೋಡವೇ ಪ್ರವಾಹವನ್ನು ಮರೆಮಾಡುತ್ತದೆ. ಅಂದು ಮೇಲಿನಿಂದ ತೆಗೆದ ಚಿತ್ರದಲ್ಲಿ ಹಿಂಜಿದ ಹತ್ತಿಯಂತಹ ಬಿಳುಪಲ್ಲದೆ ಬೇರೇನೂ ಕಾಣುವಂತಿರಲಿಲ್ಲ. ಕಣ್ಣು ಅತ್ಯಂತ ಅಗತ್ಯವಾದಾಗಲೇ ಕುರುಡಾಗುವುದೆಂದರೆ ಇದೇ. ಈ ಕೊರತೆಯನ್ನು ತುಂಬಲು ಹುಟ್ಟಿದುದೇ ಬಾಹ್ಯಾಕಾಶದ ರೇಡಾರ್.

ರೇಡಾರ್ ಸೂರ್ಯನ ಬೆಳಕಿಗಾಗಿ ಕಾಯುವುದಿಲ್ಲ. ಕತ್ತಲ ಗುಹೆಯಲ್ಲಿ ಹಾರುವ ಬಾವಲಿ ತಾನೇ ಸದ್ದು ಹೊರಡಿಸಿ, ಅದರ ಮರುದನಿಯಿಂದ ದಾರಿ ಅರಿಯುತ್ತದೆಯಷ್ಟೆ. ರೇಡಾರ್ ಉಪಗ್ರಹವೂ ಹಾಗೆಯೇ. ಸದ್ದಿನ ಬದಲು ರೇಡಿಯೊ ಅಲೆಗಳನ್ನು ಭೂಮಿಯ ಕಡೆಗೆ ಕಳುಹಿಸಿ, ಹಿಂದಿರುಗಿದ ಪ್ರತಿಧ್ವನಿಯನ್ನು ದಾಖಲಿಸುತ್ತದೆ. ಹಗಲೋ ಇರುಳೋ ಎಂಬುದು ಅದಕ್ಕೆ ಒಂದೇ. ಮೋಡವಾದರೋ ಅದಕ್ಕೆ ಅಡ್ಡಿಯೇ ಅಲ್ಲ. ಮೋಡದ ಹನಿಯ ಗಾತ್ರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಯುರೋಪಿನ ಸೆಂಟಿನೆಲ್-1 ಉಪಗ್ರಹ ಬಳಸುವ ಅಲೆಯ ಉದ್ದ ಸುಮಾರು ಐದೂವರೆ ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಅಷ್ಟು ಸಣ್ಣ ಹನಿ ಲೆಕ್ಕಕ್ಕಿಲ್ಲ. ಅದು ಮುಗಿಲನ್ನು ಹಾದು ನೆಲವನ್ನು ಮುಟ್ಟಿ ಮರಳುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಆಂಟೆನಾ ಉದ್ದವಾದಷ್ಟೂ ರೇಡಾರಿನ ನೋಟ ಸೂಕ್ಷ್ಮವಾಗುತ್ತದೆ. ಸೆಂಟಿನೆಲ್-1ರ ಆಂಟೆನಾ ಸುಮಾರು 12 ಮೀಟರ್ ಉದ್ದ. ಸುಮಾರು 700 ಕಿ.ಮೀ. ಎತ್ತರದಿಂದ ಅದು ನೇರವಾಗಿ ನೋಡಿದರೆ, ಪಯಣದ ದಿಕ್ಕಿನಲ್ಲಿ ನಾಲ್ಕು ಕಿ.ಮೀ.ಗಿಂತ ಹತ್ತಿರವಿರುವ ಎರಡು ವಸ್ತುಗಳು ಬೇರೆಬೇರೆಯಾಗಿ ಕಾಣಲಾರವು. ಒಂದು ಹಳ್ಳಿಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ಆಂಟೆನಾ ಕಿಲೋಮೀಟರುಗಟ್ಟಲೆ ಉದ್ದವಿರಬೇಕು. ಅದನ್ನು ಆಕಾಶಕ್ಕೆ ಏರಿಸುವುದೆಂತು? 1951ರಲ್ಲಿ ಅಮೆರಿಕದ ಕಾರ್ಲ್ ವೈಲಿ ಎಂಬ ಇಂಜಿನಿಯರ್ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ರೇಡಾರನ್ನು ಹೊತ್ತ ವಾಹನ ಮುಂದೆ ಸಾಗುತ್ತಿರುವಾಗ ಒಂದೇ ಸ್ಥಳದಿಂದ ಅನೇಕ ಪ್ರತಿಧ್ವನಿಗಳು ಬರುತ್ತವೆ. ಅವನ್ನೆಲ್ಲ ಕೂಡಿಟ್ಟು ಗಣಿತದ ಬಲದಿಂದ ಒಂದಾಗಿಸಿದರೆ, ಚಿಕ್ಕ ಆಂಟೆನಾ ತಾನು ಸಾಗಿದ ಹಾದಿಯಷ್ಟು ಉದ್ದದ ಆಂಟೆನಾದಂತೆ ಕೆಲಸ ಮಾಡುತ್ತದೆ.

ಈ ತತ್ತ್ವವನ್ನು ಬಳಸಿ ಭೂಮಿಯನ್ನೂ ಸಾಗರವನ್ನೂ ನೋಡಿದ ಅಮೆರಿಕದ ಸೀಸ್ಯಾಟ್ ಉಪಗ್ರಹ 1978ರ ಜೂನ್ ತಿಂಗಳಿನಲ್ಲಿ ಮೇಲೇರಿತು. ವಿದ್ಯುತ್ ವ್ಯವಸ್ಥೆಯ ದೋಷದಿಂದ ಅಕ್ಟೋಬರಿನಲ್ಲಿಯೇ ಅದರ ಬಾಳು ಮುಗಿದರೂ ಅದು ತೆರೆದ ದಾರಿ ಮುಚ್ಚಲಿಲ್ಲ. ಭಾರತವು 2012ರ ಏಪ್ರಿಲ್ 26ರಂದು ರಿಸ್ಯಾಟ್-1 ಉಪಗ್ರಹವನ್ನೂ, 2022ರ ಫೆಬ್ರವರಿ 14ರಂದು ಇಒಎಸ್-04 ಉಪಗ್ರಹವನ್ನೂ ಹಾರಿಸಿತು. ಮೊದಲ ಸೆಂಟಿನೆಲ್-1 ಕಕ್ಷೆಗೆ ಸೇರಿದುದು 2014ರ ಏಪ್ರಿಲಿನಲ್ಲಿ. ಅದರ ಚಿತ್ರಗಳನ್ನು ಜಗತ್ತಿನ ಯಾರು ಬೇಕಾದರೂ ಬೆಲೆ ತೆರದೆ ಪಡೆಯಬಹುದು. ಸೀಸ್ಯಾಟ್‌ನ ಕಾಲದಲ್ಲಿ ಇಂತಹ ಚಿತ್ರವನ್ನು ಸಿದ್ಧಪಡಿಸಲು ದೊಡ್ಡ ಪ್ರಯೋಗಶಾಲೆಗಳೇ ಬೇಕಾಗಿದ್ದವು. ಇಂದು ಶಾಲೆಯ ಗಣಕಯಂತ್ರದಲ್ಲಿಯೂ ಅದನ್ನು ತೆರೆದು ನೋಡಬಹುದು. ಅದಕ್ಕಾಗಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ಸ್ನ್ಯಾಪ್ ಎಂಬ ತಂತ್ರಾಂಶವನ್ನು ಉಚಿತವಾಗಿ ಒದಗಿಸಿದೆ.

ತೆರೆಯುವುದು ಸುಲಭ, ಆದರೆ ತೆರೆದಾಗ ಕಾಣುವುದು ಮೊದಲ ನೋಟಕ್ಕೆ ಅಚ್ಚರಿಯನ್ನೇ ಉಂಟುಮಾಡುತ್ತದೆ. ಕಡತದ ಹೆಸರು ಬಲು ಉದ್ದ. ಅದು ಅರ್ಥವಿಲ್ಲದ ಅಕ್ಷರಮಾಲೆಯಂತೆ ತೋರಿದರೂ ಯಾವ ಉಪಗ್ರಹ, ಯಾವ ವಿಧಾನ, ಯಾವ ದಿನ, ಎಷ್ಟು ಗಂಟೆ ನಿಮಿಷ ಸೆಕೆಂಡು ಎಂಬುದೆಲ್ಲ ಅದರಲ್ಲಿ ಅಡಕವಾಗಿರುತ್ತದೆ. ಕಾಲವು ಗ್ರೀನಿಚ್ ರೇಖೆಯನ್ನು ಆಧರಿಸಿದುದಾದ್ದರಿಂದ ಭಾರತದ ಸಮಯವನ್ನು ತಿಳಿಯಲು ಐದೂವರೆ ಗಂಟೆ ಕೂಡಿಸಬೇಕು. ಒಂದು ಚಿತ್ರ ಸುಮಾರು 250 ಕಿ.ಮೀ. ಅಗಲದ ನೆಲವನ್ನು ಒಳಗೊಳ್ಳುತ್ತದೆ. ಹತ್ತು ಮೀಟರಿಗೊಂದರಂತೆ ಜೋಡಿಸಿದ ಚೌಕಗಳು, ಅಂದರೆ ಪಿಕ್ಸೆಲುಗಳು, ಒಂದೊಂದು ಚಿತ್ರದಲ್ಲಿಯೂ ಸುಮಾರು ನಲವತ್ತು ಕೋಟಿ ಇರುತ್ತವೆ. ಆದುದರಿಂದ ಬೇಕಾದ ಭಾಗವನ್ನು ಮಾತ್ರ ಕತ್ತರಿಸಿ ತೆಗೆದುಕೊಳ್ಳುವುದು ಜಾಣತನ. ಇಲ್ಲವಾದರೆ ಸಾಧಾರಣ ಗಣಕಯಂತ್ರ ತಾಸುಗಟ್ಟಲೆ ಏದುಸಿರು ಬಿಡಬೇಕಾಗುತ್ತದೆ.

ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಬಣ್ಣವಿಲ್ಲ, ಬರಿಯ ಬೂದಿ. ಮರಳು ಎರಚಿದಂತೆ ಎಲ್ಲೆಡೆ ಚುಕ್ಕೆಗಳು. ಅಷ್ಟೇ ಅಲ್ಲ, ನಾಡು ತಲೆಕೆಳಗಾಗಿರುತ್ತದೆ. ಇಲ್ಲವೇ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿರುತ್ತದೆ. ಇದು ತಪ್ಪಲ್ಲ. ಉಪಗ್ರಹ ಮೊದಲು ಕಂಡ ಸಾಲನ್ನು ಮೊದಲು ಬರೆದಿಟ್ಟಿದೆ, ಅಷ್ಟೆ. ದಕ್ಷಿಣದಿಂದ ಉತ್ತರಕ್ಕೆ ಸಾಗುವಾಗ ಅದು ಮೊದಲು ಕಾಣುವುದು ದಕ್ಷಿಣವನ್ನು. ಆದ್ದರಿಂದ ದಕ್ಷಿಣ ಮೇಲೆ ಬಂದು ಚಿತ್ರ ತಲೆಕೆಳಗಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗ ಅದರ ಬಲಗಣ್ಣು ಪಶ್ಚಿಮದತ್ತ ಇರುತ್ತದೆ. ಹತ್ತಿರದ ಪೂರ್ವ ಎಡಕ್ಕೂ ದೂರದ ಪಶ್ಚಿಮ ಬಲಕ್ಕೂ ಬಂದು ಕನ್ನಡಿ ಬಿಂಬವಾಗುತ್ತದೆ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದು: ರೇಡಾರಿನ ಚಿತ್ರ ಛಾಯಾಚಿತ್ರವಲ್ಲ. ಅದು ಪ್ರತಿಧ್ವನಿಗಳ ಲೆಕ್ಕದ ಪುಸ್ತಕ. ಅದನ್ನು ನೋಡಿದರೆ ಸಾಲದು, ಓದಬೇಕು.

ಓದುವ ಬಗೆ ಹೇಗೆ? ನುಣುಪಾದ ಕಲ್ಲುಹಾಸಿನ ಮೇಲೆ ಚೆಂಡನ್ನು ಓರೆಯಾಗಿ ಎಸೆದರೆ ಅದು ಪುಟಿದು ಮುಂದಕ್ಕೆ ಹೋಗುತ್ತದೆ, ಎಸೆದವನ ಕೈಗೆ ಮರಳುವುದಿಲ್ಲ. ಕದಲದ ನೀರು ರೇಡಾರಿಗೆ ಅಂತಹ ಕಲ್ಲುಹಾಸು. ಓರೆಯಾಗಿ ಬಂದ ಅಲೆಯನ್ನು ಅದು ಆಚೆಗೆ ದಾಟಿಸಿಬಿಡುತ್ತದೆ. ಪ್ರತಿಧ್ವನಿ ಬಾರದೆ ಆ ಜಾಗ ಕಪ್ಪಾಗಿ ಕಾಣುತ್ತದೆ. ಹೆಂಟೆಗಳಿಂದ ಕೂಡಿದ ಉತ್ತ ಹೊಲ ಅಲೆಯನ್ನು ನಾನಾ ದಿಕ್ಕಿಗೆ ಚದರಿಸುತ್ತದೆ. ಸ್ವಲ್ಪ ಭಾಗ ಹಿಂದಿರುಗಿ ಹೊಲ ಬೂದಿಯಾಗಿ ತೋರುತ್ತದೆ. ಪಟ್ಟಣದಲ್ಲಿ ನೆಲಕ್ಕೆ ಬಡಿದ ಅಲೆ ಗೋಡೆಗೂ ಬಡಿದು ಬಂದ ದಾರಿಯಲ್ಲೇ ಮರಳುವುದರಿಂದ ಕಟ್ಟಡಗಳು ಬೆಳ್ಳಗೆ ಹೊಳೆಯುತ್ತವೆ. ಹೀಗೆ ಕಪ್ಪು, ಬೂದಿ, ಬಿಳುಪುಗಳೇ ಈ ಪುಸ್ತಕದ ಅಕ್ಷರಗಳು.

ಆದರೆ ಈ ಅಕ್ಷರಗಳ ಮೇಲೆ ಧೂಳು ಕುಳಿತಿರುತ್ತದೆ. ಅದನ್ನು ಒಂದೊಂದಾಗಿ ಒರೆಸುವುದೇ ಸಂಸ್ಕರಣೆ. ಮೊದಲ ಹೆಜ್ಜೆ ಉಪಗ್ರಹದ ಹಾದಿಯನ್ನು ಸರಿಪಡಿಸುವುದು. ಚಿತ್ರದೊಡನೆ ಬಂದ ಕಕ್ಷೆಯ ವಿವರ ಸ್ಥೂಲವಾದುದು. ಅತಿ ನಿಖರವಾದ ವಿವರ ದೊರೆಯಲು ಸುಮಾರು ಇಪ್ಪತ್ತು ದಿನ ಬೇಕು. ತುರ್ತಿನ ಕೆಲಸಕ್ಕೆ ಕೆಲವೇ ತಾಸುಗಳಲ್ಲಿ ದೊರೆಯುವ ವಿವರವೂ ಸಾಕಾಗುತ್ತದೆ. ಎರಡನೆಯದು ಉಪಕರಣದ ಸ್ವಂತ ಗದ್ದಲವನ್ನು ಕಳೆಯುವುದು. ಯಾವ ವಿದ್ಯುನ್ಮಾನ ಯಂತ್ರವೂ ಪೂರ್ಣ ಮೌನವಾಗಿರುವುದಿಲ್ಲ. ಅದರ ಕ್ಷೀಣವಾದ ಗುನುಗು ಕಪ್ಪಾಗಿರಬೇಕಾದ ನೀರಿನ ಮೇಲೆ ಮಸುಕು ಪಟ್ಟೆಗಳಾಗಿ ಮೂಡುತ್ತದೆ.

ಮೂರನೆಯ ಹೆಜ್ಜೆಯ ಹೆಸರು ಕ್ಯಾಲಿಬ್ರೇಷನ್, ಅಂದರೆ ಅಳತೆಯನ್ನು ಪ್ರಮಾಣಕ್ಕೆ ಹೊಂದಿಸುವುದು. ಸಂತೆಯ ವ್ಯಾಪಾರಿಗಳ ತಕ್ಕಡಿಗಳು ಒಂದೊಂದು ಒಂದೊಂದು ಬಗೆಯಾಗಿ ತೂಗಿದರೆ ಒಬ್ಬನ ಸೇರನ್ನು ಇನ್ನೊಬ್ಬನ ಸೇರಿನೊಡನೆ ಹೋಲಿಸಲಾಗುವುದಿಲ್ಲ. ಅದಕ್ಕಾಗಿಯೇ ಸರಕಾರ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ಪರದೆಯ ಮೇಲಿನ ಮೂಲ ಸಂಖ್ಯೆಗಳು ಮುದ್ರೆಯಿಲ್ಲದ ತೂಕಗಳು. ಕ್ಯಾಲಿಬ್ರೇಷನ್ ಆದ ಬಳಿಕ ಅವು ನೆಲ ನಿಜವಾಗಿ ಎಷ್ಟು ಪಾಲು ಅಲೆಯನ್ನು ಹಿಂದಿರುಗಿಸಿತು ಎಂಬುದನ್ನು ಹೇಳುತ್ತವೆ. ಆಗ ಮಾತ್ರ ಪ್ರವಾಹಕ್ಕೆ ಮೊದಲಿನ ಚಿತ್ರವನ್ನು ಪ್ರವಾಹದ ದಿನದ ಚಿತ್ರದೊಡನೆ ಇಟ್ಟು ನೋಡುವುದು ನ್ಯಾಯವಾಗುತ್ತದೆ.

ನಾಲ್ಕನೆಯದು ಆ ಮರಳಿನಂತಹ ಚುಕ್ಕೆಗಳ ಸಂಗತಿ. ಇವನ್ನು ಸ್ಪೆಕಲ್ ಎನ್ನುತ್ತಾರೆ. ಹತ್ತು ಮೀಟರ್ ಚೌಕದೊಳಗೆ ಹುಲ್ಲು, ಕಲ್ಲು, ಹೆಂಟೆ, ಎಲೆ ಮುಂತಾಗಿ ಅಸಂಖ್ಯ ವಸ್ತುಗಳಿವೆ. ಪ್ರತಿಯೊಂದರಿಂದಲೂ ಒಂದು ಕಿರು ಅಲೆ ಮರಳುತ್ತದೆ. ಕೆಲವೆಡೆ ಅವು ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಆದುದರಿಂದ ಒಂದೇ ಬಗೆಯ ಗದ್ದೆಯಲ್ಲಿಯೂ ಅಕ್ಕಪಕ್ಕದ ಚೌಕಗಳು ಒಂದು ಬಿಳಿ ಒಂದು ಕಪ್ಪು ಆಗುತ್ತವೆ. ಇದನ್ನು ತಗ್ಗಿಸಲು ನೆರೆಯ ಚೌಕಗಳ ಸರಾಸರಿಯನ್ನು ವಿವೇಚನೆಯಿಂದ ತೆಗೆದುಕೊಳ್ಳುವ ಶೋಧಕಗಳಿವೆ. ಜಾಂಗ್-ಸೆನ್ ಲೀ ಎಂಬ ವಿಜ್ಞಾನಿ 1980ರ ಸುಮಾರಿನಲ್ಲಿ ರೂಪಿಸಿದ ಶೋಧಕ ಇಂದಿಗೂ ಬಳಕೆಯಲ್ಲಿದೆ. ಆದರೆ ಇಲ್ಲಿ ಲೋಭ ಕೂಡದು. ಚಿತ್ರ ನುಣುಪಾಗಲೆಂದು ಶೋಧಕವನ್ನು ಅತಿಯಾಗಿ ಬಳಸಿದರೆ ಚುಕ್ಕೆಯೊಡನೆ ಕಿರಿದಾದ ಏರಿಯೂ ಅಳಿಸಿಹೋಗುತ್ತದೆ. ಕುಟ್ಟನಾಡಿನಂತಹ ನಾಡಿನಲ್ಲಿ ಜನರು ನಡೆಯುವ ದಾರಿ ಆ ಏರಿಯೇ ಆಗಿರುತ್ತದೆ.

ಐದನೆಯದು ನೆಲದ ಏರಿಳಿತಕ್ಕೆ ಚಿತ್ರವನ್ನು ಹೊಂದಿಸುವುದು. ರೇಡಾರ್ ನೋಡುವುದು ನೇರ ಕೆಳಕ್ಕಲ್ಲ, ಪಕ್ಕಕ್ಕೆ. ಯಾವುದರ ಪ್ರತಿಧ್ವನಿ ಮೊದಲು ಬಂತೋ ಅದು ಹತ್ತಿರದಲ್ಲಿದೆ ಎಂದು ಅದು ತಿಳಿಯುತ್ತದೆ. ಬೆಟ್ಟದ ತುದಿ ಬುಡಕ್ಕಿಂತ ಉಪಗ್ರಹಕ್ಕೆ ಸಮೀಪವಾದಾಗ ತುದಿಯ ಪ್ರತಿಧ್ವನಿಯೇ ಮೊದಲು ಬಂದು, ಚಿತ್ರದಲ್ಲಿ ಬೆಟ್ಟ ಉಪಗ್ರಹದ ಕಡೆಗೆ ಮುಗ್ಗರಿಸಿ ಬಿದ್ದಂತೆ ಕಾಣುತ್ತದೆ. ಇದನ್ನು ತಿದ್ದಲು ಭೂಮಿಯ ಎತ್ತರಗಳ ನಕ್ಷೆ ಬೇಕು. ಆ ನಕ್ಷೆಯೂ ಬಹುಮಟ್ಟಿಗೆ ರೇಡಾರಿನ ಕೊಡುಗೆಯೇ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳನ್ನು ಚಾಚಿ, ಅದರ ಎರಡು ತುದಿಗಳಿಂದ ಹನ್ನೊಂದು ದಿನಗಳ ಪಯಣದಲ್ಲಿ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಈ ತಿದ್ದುಪಡಿಯಾದೊಡನೆ ತಲೆಕೆಳಗಾಗಿದ್ದ ನಾಡು ಉತ್ತರ ಮೇಲಾಗಿ, ಭೂಪಟದ ಮೇಲೆ ತನ್ನ ಸ್ಥಾನದಲ್ಲಿ ಬಂದು ಕೂರುತ್ತದೆ.

ಕೊನೆಯದು ಸಂಖ್ಯೆಗಳನ್ನು ಡೆಸಿಬೆಲ್ ಎಂಬ ಮಾನಕ್ಕೆ ಬದಲಿಸುವುದು. ಬಲವಾದ ಪ್ರತಿಧ್ವನಿ ದುರ್ಬಲವಾದುದಕ್ಕಿಂತ ಸಾವಿರಪಟ್ಟು ಹೆಚ್ಚಿರಬಹುದು. ಅಷ್ಟು ಅಂತರವನ್ನು ಕಣ್ಣು ಒಂದೇ ಚಿತ್ರದಲ್ಲಿ ಗ್ರಹಿಸಲಾರದು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಮೆಟ್ಟಿಲು ಇಳಿದರೆ ಪ್ರತಿಧ್ವನಿ ಹತ್ತರಲ್ಲಿ ಒಂದು ಪಾಲಾಯಿತೆಂದು ಅರ್ಥ. ಬೆಳೆ ನಿಂತ ಹೊಲ ಮೈನಸ್ 10ರ ಆಸುಪಾಸಿನಲ್ಲಿದ್ದರೆ ಕದಲದ ನೀರು ಸಾಮಾನ್ಯವಾಗಿ ಮೈನಸ್ 20ರ ಸುತ್ತ ಇಲ್ಲವೇ ಅದಕ್ಕೂ ಕೆಳಗೆ ಇರುತ್ತದೆ. ಯಾವ ಬೆಲೆಯ ಚೌಕಗಳು ಎಷ್ಟೆಷ್ಟು ಇವೆ ಎಂದು ನಕ್ಷೆ ಬರೆದರೆ ಎರಡು ದಿಬ್ಬಗಳು ಮೂಡುತ್ತವೆ: ಒಂದು ನೀರಿನದು, ಇನ್ನೊಂದು ನೆಲದ್ದು. ಇವೆರಡರ ನಡುವಣ ಕಣಿವೆಯಲ್ಲಿ ಒಂದು ಗೆರೆ ಎಳೆದು, ಅದಕ್ಕಿಂತ ಕೆಳಗಿನ ಚೌಕಗಳನ್ನೆಲ್ಲ ನೀರೆಂದು ಗುರುತಿಸಬಹುದು. ಅದರಿಂದ ಪ್ರವಾಹಕ್ಕೆ ಮೊದಲೂ ಇದ್ದ ಕೆರೆ, ನದಿ, ಸರೋವರಗಳನ್ನು ಕಳೆದರೆ ಉಳಿಯುವುದು ಪ್ರವಾಹದ ನೀರು. ಮುಗಿಲಿನ ಕೆಳಗೆ ಅಡಗಿದ್ದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಂತಾಯಿತು.

ಸಿಕ್ಕಿತೆ? ಇಲ್ಲಿಯೇ ಎಚ್ಚರ ಬೇಕು. ಮೇಲಿನ ಹೆಜ್ಜೆಗಳನ್ನೆಲ್ಲ ಗುಂಡಿ ಒತ್ತಿ ಗಣಕಯಂತ್ರದಿಂದ ಮಾಡಿಸಬಹುದು. ಆದರೆ ಕಪ್ಪೆಲ್ಲ ನೀರಲ್ಲ, ನೀರೆಲ್ಲ ಕಪ್ಪಲ್ಲ. ವಿಮಾನ ನಿಲ್ದಾಣದ ನುಣುಪಾದ ಓಡುದಾರಿ ಒಣಗಿದ್ದಾಗಲೂ ಕಪ್ಪಾಗಿಯೇ ಕಾಣುತ್ತದೆ. 2018ರ ಪ್ರವಾಹದಲ್ಲಿ ಕೊಚ್ಚಿಯ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ ಅದು ಆಗಸ್ಟ್ 29ರವರೆಗೆ ಮುಚ್ಚಿತ್ತು. ಆದರೆ ಅಂತಹ ಓಡುದಾರಿಯ ಮೇಲೆ ನೀರಿದೆಯೇ ಇಲ್ಲವೇ ಎಂಬುದನ್ನು ಬರಿಯ ಕಪ್ಪನ್ನು ನೋಡಿ ಹೇಳಲಾಗುವುದಿಲ್ಲ. ನಾಟಿಗೆಂದು ನೀರು ಕಟ್ಟಿದ ಗದ್ದೆಯೂ ಕಪ್ಪೇ. ಅದು ಪ್ರವಾಹವಲ್ಲ, ಬೇಸಾಯ. ಕೊಡಗಿನಂತಹ ಗುಡ್ಡಗಾಡಿನಲ್ಲಿ ಬೆಟ್ಟದ ಹಿಂಬದಿಗೆ ಅಲೆ ತಲುಪುವುದೇ ಇಲ್ಲ. ಆ ನೆರಳೂ ಕಪ್ಪು. ಅರಿಯದವನು ಇಳಿಜಾರಿನ ಮೇಲೆ ಕೆರೆಯನ್ನು ಗುರುತಿಸಿಯಾನು!

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕರ. ಗಾಳಿ ಬೀಸಿ ನೀರು ಕಲಕಿದರೆ ಅದು ಒರಟು ನೆಲದಂತೆ ಬೆಳ್ಳಗಾಗುತ್ತದೆ. ತೋಟದೊಳಗೆ ನೀರು ನಿಂತಾಗ ಅಲೆ ನೀರಿಗೆ ಬಡಿದು, ಮರದ ಕಾಂಡಕ್ಕೆ ಬಡಿದು ಮರಳಿ, ಆ ಜಾಗ ಮೊದಲಿಗಿಂತಲೂ ಹೆಚ್ಚು ಹೊಳೆಯಬಹುದು. ಇಲ್ಲವೇ ಗರಿಗಳ ದಟ್ಟಣೆಯಲ್ಲಿ ಅಲೆ ಕೆಳಗಿಳಿಯದೆ ಏನೂ ಬದಲಾಗದಂತೆ ತೋರಬಹುದು. ಕೇರಳದಲ್ಲಿ ಮನೆಗಳಿರುವುದು ತೆಂಗಿನ ತೋಟಗಳ ನಡುವೆ. ಎದೆಮಟ್ಟದ ನೀರಿನಲ್ಲಿ ಒಂದು ಕುಟುಂಬ ನೆರವಿಗಾಗಿ ಕಾಯುತ್ತಿರುವ ಅಂಗಳವನ್ನೇ ನಕ್ಷೆಯು ಒಣನೆಲವೆಂದು ತೋರಿಸುವ ಸಂಭವವಿದೆ. ಗದ್ದೆಯನ್ನು ನೀರೆಂದರೆ ದೋಣಿಯ ಒಂದು ಪಯಣ ವ್ಯರ್ಥ. ನೀರನ್ನು ನೆಲವೆಂದರೆ ದೋಣಿಯೇ ಹೋಗುವುದಿಲ್ಲ. ಇದರ ಜೊತೆಗೆ, ಉಪಗ್ರಹ ತನ್ನ ಕಕ್ಷೆಯ ವೇಳೆಗೆ ಬರುತ್ತದೆಯೇ ಹೊರತು ಪ್ರವಾಹದ ವೇಳೆಗಲ್ಲ. ಒಂದು ಸೆಂಟಿನೆಲ್-1 ಅದೇ ಹಾದಿಗೆ ಮರಳಲು ಹನ್ನೆರಡು ದಿನ ಬೇಕು.

ಆದುದರಿಂದ ನಕ್ಷೆಯನ್ನು ಸಿದ್ಧಪಡಿಸಿದವರು ಅದನ್ನು ನೆಲದ ಸುದ್ದಿಯೊಡನೆ ಒರೆಹಚ್ಚಿ ನೋಡಲೇಬೇಕು. ಆ ಆಗಸ್ಟಿನಲ್ಲಿ ಕೇರಳದ ಕಡಲತೀರದ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಮಂದಿಯನ್ನು ಕಾಪಾಡಿದರು. ಯಾವ ತೋಟದಲ್ಲಿ ಎಷ್ಟು ನೀರಿದೆ ಎಂಬುದನ್ನು ಅವರ ಹುಟ್ಟುಗೋಲು ಅಳೆದಿತ್ತು. ಉಪಗ್ರಹ ಒಂದು ನೋಟದಲ್ಲಿ ಇಡೀ ಸೀಮೆಯನ್ನು ಕಾಣಬಲ್ಲದು. ಹುಟ್ಟುಗೋಲು ಒಂದು ಅಂಗಳದ ನಿಜವನ್ನು ಬಲ್ಲದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮರದಡಿಯ ನೀರನ್ನು ಕಾಣುವ ಪ್ರಯತ್ನವೂ ನಿಂತಿಲ್ಲ. ಅಲೆ ಉದ್ದವಾದಷ್ಟೂ ಎಲೆಗಳನ್ನು ಹಾದು ಕೆಳಗಿಳಿಯುವ ಶಕ್ತಿ ಹೆಚ್ಚು. ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹ ಎರಡು ಬಗೆಯ ಅಲೆಗಳನ್ನು ಬಳಸುತ್ತದೆ. ಅವುಗಳಲ್ಲಿ ಒಂದರ ಉದ್ದ ಸುಮಾರು 24 ಸೆಂಟಿಮೀಟರ್. ಎರಡು ದೇಶಗಳ ಉಪಕರಣಗಳನ್ನು ಬೆಂಗಳೂರಿನಲ್ಲಿ ಒಂದುಗೂಡಿಸಿ ಪರೀಕ್ಷಿಸಲಾಯಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಅದು ಕಕ್ಷೆಗೆ ಏರಿತು.

ಕಣ್ಣು ಹೀಗೆ ದಿನೇದಿನೇ ಹರಿತವಾಗುತ್ತಿದೆ. ಆದರೂ ಕಂಡುದನ್ನು ಅರ್ಥಮಾಡಿಕೊಳ್ಳುವ ಹೊಣೆ ಕಣ್ಣಿನದಲ್ಲ. ಚಿತ್ರದ ಕಪ್ಪು ಚೌಕದ ಮುಂದೆ ಕುಳಿತವನು ‘ಇದು ನೀರು’ ಎಂದು ಬರೆಯುವ ಮೊದಲು ‘ಇದು ಇನ್ನೇನಾಗಿರಬಹುದು?’ ಎಂದು ಕೇಳಿಕೊಳ್ಳಬೇಕು. ಬೂದಿ ಚೌಕದ ಮುಂದೆ ‘ಇದು ನೆಲ’ ಎನ್ನುವ ಮೊದಲು ಎರಡು ಸಲ ಕೇಳಿಕೊಳ್ಳಬೇಕು. ಹತ್ತು ಮೀಟರಿನ ಆ ಒಂದು ಚೌಕದಲ್ಲಿ ಒಂದು ಮನೆ ಹಿಡಿಸುತ್ತದೆ.